ಬ್ರೇಕ್ ಒತ್ತಿದರೂ ಕಾರು ನುಗ್ಗಿತಂತೆ: ತಪ್ಪು ಕಾರಿನದೋ, ಕಾಲಿನದೋ?

ಈ ಬಗೆಯ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಪಾರ್ಕಿಂಗ್ ಜಾಗದಲ್ಲಿ ಮೆಲ್ಲಗೆ ತಿರುಗುತ್ತಿದ್ದ ಕಾರು ಇದ್ದಕ್ಕಿದ್ದಂತೆ ಬಾಣದ ಹಾಗೆ ಮುಂದಕ್ಕೆ ನೆಗೆಯುತ್ತದೆ. ಕಾಂಪೌಂಡ್ ಗೋಡೆ ಒಡೆಯುತ್ತದೆ, ಇಲ್ಲವೇ ಅಂಗಡಿಯೊಳಕ್ಕೆ ನುಗ್ಗುತ್ತದೆ. ಕೆಳಗೆ ಬರೆದಿರುವುದು ಎರಡರಲ್ಲಿ ಒಂದು. "ಎಚ್ಚರ! ಆಟೋಮ್ಯಾಟಿಕ್ ಕಾರುಗಳು ಬ್ರೇಕ್ ಒತ್ತಿದರೂ ತಾವಾಗಿಯೇ ಓಡುತ್ತವೆ, ಕಂಪನಿಗಳು ಮುಚ್ಚಿಡುತ್ತಿವೆ, ಎಲ್ಲರಿಗೂ ಕಳಿಸಿ." ಅಥವಾ ನಗುವ ಎಮೋಜಿಗಳ ಜೊತೆಗೆ, "ಹೆಂಗಸರ ಕೈಗೆ ಸ್ಟಿಯರಿಂಗ್ ಕೊಟ್ಟರೆ ಹೀಗೇ."

ಎರಡನೆಯದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಮುಂದೆ ಬರುವ ಘಟನೆಗಳಲ್ಲಿ ಗಂಡಸರೇ ಹೆಚ್ಚಿದ್ದಾರೆ. ಮೊದಲನೆಯದು ಹಾಗಲ್ಲ. ಅದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಸುಳ್ಳಿದೆ. ನಿಜ ಯಾವುದು, ಸುಳ್ಳು ಯಾವುದು ಎಂದು ಬಿಡಿಸಲು ಎಂಜಿನಿಯರುಗಳು, ಕೋರ್ಟುಗಳು, ಕೊನೆಗೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ ತಲೆ ಕೆಡಿಸಿಕೊಂಡಿದ್ದಾರೆ. ಸುಮಾರು ನಲವತ್ತು ವರ್ಷಗಳ ಜಗಳ ಇದು.

ಮೊದಲು ಚುಟುಕಾಗಿ ಉತ್ತರ ಹೇಳಿಬಿಡುತ್ತೇವೆ. ಸರಿಯಾದ ಸಾಕ್ಷ್ಯ ಸಿಕ್ಕ ಪ್ರಕರಣಗಳಲ್ಲಿ ಬಹುಪಾಲು, ಚಾಲಕರ ಕಾಲು ಬ್ರೇಕಿನ ಬದಲು ಆಕ್ಸಿಲರೇಟರ್ ಮೇಲಿತ್ತು. ಆದರೆ "ನಾನು ಬ್ರೇಕೇ ಒತ್ತಿದ್ದು" ಎನ್ನುವ ಚಾಲಕರು ಸಾಮಾನ್ಯವಾಗಿ ಸುಳ್ಳು ಹೇಳುತ್ತಿರುವುದಿಲ್ಲ. ಇನ್ನು ಕೆಲವು ಪ್ರಕರಣಗಳಲ್ಲಿ ತಪ್ಪು ನಿಜವಾಗಿಯೂ ಕಾರಿನದೇ ಆಗಿತ್ತು, ಕಂಪನಿ ಅದನ್ನು ಮುಚ್ಚಿಟ್ಟದ್ದೂ ಸಾಬೀತಾಗಿದೆ. ಈ ಮೂರೂ ಮಾತು ಒಟ್ಟಿಗೆ ನಿಜವಾಗಬಲ್ಲವು. ಫಾರ್ವರ್ಡ್‌ಗಳಲ್ಲಿ ಮಾತ್ರ ಯಾವಾಗಲೂ ಒಂದೇ ಇರುತ್ತದೆ.

ಟಿವಿಯಲ್ಲಿ ತಾನಾಗಿ ಕುಸಿದ ಪೆಡಲ್

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1986ರ ನವೆಂಬರ್ 23ರಂದು '60 ಮಿನಿಟ್ಸ್' ಕಾರ್ಯಕ್ರಮ ಒಂದು ವರದಿ ತೋರಿಸಿತು. ಆಡಿ 5000 ಎಂಬ ಕಾರು ಬ್ರೇಕ್ ಒತ್ತಿದರೂ ನುಗ್ಗುತ್ತದೆ ಎಂದು ಮಾಲೀಕರು ಒಬ್ಬರ ನಂತರ ಒಬ್ಬರು ಹೇಳಿದರು. ಗ್ಯಾರೇಜಿನ ಬಾಗಿಲು ತೆರೆಯಲು ಇಳಿದ ಆರು ವರ್ಷದ ಮಗನ ಮೇಲೆ ತನ್ನದೇ ಕಾರು ನುಗ್ಗಿದ್ದನ್ನು ಕಂಡ ತಾಯಿಯೂ ಅವರಲ್ಲಿದ್ದರು. ಆಮೇಲೆ ಪರದೆಯ ಮೇಲೆ ಒಂದು ಆಡಿ ಕಾರು. ಯಾರ ಕಾಲೂ ತಾಗದಿದ್ದರೂ ಅದರ ಆಕ್ಸಿಲರೇಟರ್ ಪೆಡಲ್ ಮೆಲ್ಲಗೆ ತಾನಾಗಿಯೇ ಕೆಳಗಿಳಿಯಿತು. ನೋಡಿದವರ ಎದೆ ಧಸಕ್ಕೆಂದಿರಬೇಕು.

ವೀಕ್ಷಕರಿಗೆ ಕಾಣದಿದ್ದ ಸಂಗತಿ ಬೇರೆ ಇತ್ತು. ಆ ಕಾರಿನ ಟ್ರಾನ್ಸ್‌ಮಿಷನ್‌ಗೆ ತೂತು ಕೊರೆದು, ಹೊರಗಿನ ಸಿಲಿಂಡರಿನಿಂದ ಒತ್ತಡದ ಗಾಳಿ ಬಿಟ್ಟು ಪೆಡಲ್ ಅಲ್ಲಾಡಿಸಲಾಗಿತ್ತು. ರಸ್ತೆಯಲ್ಲಿ ಯಾವ ಕಾರಿಗೂ ಹಾಗೆ ಆಗಲು ಸಾಧ್ಯವಿರಲಿಲ್ಲ. ಆದರೆ ಕಣ್ಣಾರೆ ಕಂಡ ಮೇಲೆ ಯಾರು ಕೇಳುತ್ತಾರೆ? ಅಮೆರಿಕದಲ್ಲಿ 1985ರಲ್ಲಿ ಸುಮಾರು 74 ಸಾವಿರ ಕಾರು ಮಾರಿದ್ದ ಆಡಿ, 1991ರಲ್ಲಿ 12 ಸಾವಿರದ ಆಸುಪಾಸಿಗೆ ಕುಸಿಯಿತು. ವಾಟ್ಸಾಪ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ವೈರಲ್ ವಿಡಿಯೋ ಅದು.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಈ ದೂರುಗಳನ್ನು ವಿವರವಾಗಿ ಪರೀಕ್ಷಿಸಿ 1989ರಲ್ಲಿ ವರದಿ ಕೊಟ್ಟಿತು. ಆಡಿ ಮಾತ್ರವಲ್ಲ, ಬೇರೆ ಕಂಪನಿಗಳ ಕಾರುಗಳನ್ನೂ ನೋಡಿತು. ಎಂಜಿನ್ ಪೂರ್ತಿ ವೇಗಕ್ಕೆ ಏರಬೇಕು, ಅದೇ ಕ್ಷಣದಲ್ಲಿ ಬ್ರೇಕ್ ಕೈಕೊಡಬೇಕು, ಅಪಘಾತ ಮುಗಿದ ಮೇಲೆ ಎರಡೂ ಒಂದು ಗುರುತೂ ಉಳಿಸದೆ ಸರಿಹೋಗಬೇಕು. ಹೀಗೆ ಆಗುವಂಥ ದೋಷ ಯಾವ ಕಾರಿನಲ್ಲೂ ಸಿಗಲಿಲ್ಲ. ಹೆಚ್ಚಿನ ಪ್ರಕರಣಗಳಿಗೆ ಉಳಿದ ವಿವರಣೆ ಒಂದೇ: ತಪ್ಪು ಪೆಡಲ್.

ಹಾಗೆಂದು ಆಡಿಗೆ ಪೂರ್ತಿ ಕ್ಲೀನ್ ಚಿಟ್ ಸಿಕ್ಕಿತು ಎಂದುಕೊಳ್ಳಬೇಡಿ. ಆ ಕಾರಿನಲ್ಲಿ ಎಂಜಿನ್ನಿನ ಐಡಲ್ ವೇಗ ನೋಡಿಕೊಳ್ಳುವ ಭಾಗ ಕೆಲವೊಮ್ಮೆ ಕೆಟ್ಟು, ಕಾರು ಒಮ್ಮೆ ಮುಗ್ಗರಿಸಿದಂತೆ ಮುಂದೆ ಜಿಗಿಯುತ್ತಿತ್ತು. ಪೆಡಲ್‌ಗಳು ಇದ್ದ ಜಾಗವೂ ಅಮೆರಿಕನ್ನರಿಗೆ ರೂಢಿಯಾದ ಜಾಗಕ್ಕಿಂತ ಬೇರೆಯಾಗಿತ್ತು. ಸಣ್ಣ ಜಿಗಿತಕ್ಕೆ ಚಾಲಕ ಬೆಚ್ಚುತ್ತಾನೆ, ಬೆಚ್ಚಿ ಬ್ರೇಕ್ ಎಂದು ಪಕ್ಕದ್ದನ್ನು ತುಳಿಯುತ್ತಾನೆ. ಕಿಡಿ ಕಾರಿನದು, ಬೆಂಕಿ ಕಾಲಿನದು.

ಇದೇ ಹೊತ್ತಿಗೆ ಆಡಿ ಒಂದು ಸರಳ ಬದಲಾವಣೆ ಮಾಡಿತು. ಬ್ರೇಕ್ ತುಳಿಯದೆ ಗೇರ್ ಲಿವರ್ 'ಪಿ'ಯಿಂದ ಕದಲದಂತೆ ಬೀಗ ಹಾಕಿತು. ದೂರುಗಳು ಗಣನೀಯವಾಗಿ ಇಳಿದವು. ಯೋಚಿಸಿ ನೋಡಿ: ದೋಷ ಎಂಜಿನ್ನಿನಲ್ಲಿ ಇದ್ದಿದ್ದರೆ, ಹೊರಡುವ ಮುಂಚೆ ಕಾಲು ಬ್ರೇಕ್ ಮೇಲಿರುವಂತೆ ಮಾಡಿದ ಮಾತ್ರಕ್ಕೆ ಅದು ಯಾಕೆ ಕಡಿಮೆಯಾಗಬೇಕು? ನಿಮ್ಮ ಆಟೋಮ್ಯಾಟಿಕ್ ಕಾರಿನಲ್ಲಿ ಇಂದು ಇರುವ ಆ ಬೀಗ ಈ ಗಲಾಟೆಯ ಕೊಡುಗೆ.

ಕಾಲು ಹೇಗೆ ಮೋಸ ಮಾಡುತ್ತದೆ

"ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಬ್ರೇಕ್ ಯಾವುದು ಎಂದು ಗೊತ್ತಿಲ್ಲವೇ?" ಈ ಪ್ರಶ್ನೆ ನಮಗೆ ಬಹಳ ಸಲ ಬರುತ್ತದೆ. ಗೊತ್ತಿದೆ. ತಪ್ಪುವುದು ತಿಳಿವಳಿಕೆಯಲ್ಲಿ ಅಲ್ಲ.

ಚಲನೆಯ ಮನೋವಿಜ್ಞಾನದಲ್ಲಿ ಹೆಸರು ಮಾಡಿದ ಅಮೆರಿಕದ ವಿಜ್ಞಾನಿ ರಿಚರ್ಡ್ ಸ್ಮಿಟ್ 1989ರಲ್ಲಿ ಇದನ್ನು ವಿವರಿಸಿದರು. ಮಿದುಳು "ಬ್ರೇಕ್" ಎಂದೇ ಆಜ್ಞೆ ಕೊಟ್ಟಿರುತ್ತದೆ. ಆದರೆ ಅದೇ ಆಜ್ಞೆಗೆ ಸ್ನಾಯುಗಳು ಪ್ರತಿ ಸಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಕೆಲಸ ಮಾಡುವುದಿಲ್ಲ. ಸಾವಿರಾರು ಸಲದಲ್ಲಿ ಒಮ್ಮೆ ಕಾಲು ಕೆಲವು ಸೆಂಟಿಮೀಟರ್ ಬಲಕ್ಕೆ ಇಳಿಯುತ್ತದೆ. ಹಿಂದಕ್ಕೆ ತಿರುಗಿ ನೋಡುತ್ತಾ ರಿವರ್ಸ್ ತೆಗೆಯುವಾಗ ಸೊಂಟ ತಿರುಗಿರುತ್ತದೆ, ಅದರ ಜೊತೆ ಕಾಲೂ ಸರಿದಿರುತ್ತದೆ. ಟೋಲ್‌ನಲ್ಲಿ ಕಾರ್ಡ್ ಕೊಡಲು ಕಿಟಕಿಯತ್ತ ವಾಲಿದಾಗಲೂ ಹೀಗೇ.

ಮನೆಯಲ್ಲಿ ಫ್ಯಾನ್ ಸ್ವಿಚ್ ಎಂದು ಲೈಟ್ ಸ್ವಿಚ್ ಒತ್ತುವುದು ಯಾರಿಗೆ ಆಗಿಲ್ಲ? ಅಲ್ಲಿ ಕಣ್ಣು ಸ್ವಿಚ್ ಬೋರ್ಡ್ ಮೇಲಿದೆ, ತಪ್ಪು ಕೂಡಲೇ ಗೊತ್ತಾಗುತ್ತದೆ, ನಕ್ಕು ಸರಿಪಡಿಸುತ್ತೇವೆ. ಕಾರಿನಲ್ಲಿ ಕಣ್ಣು ರಸ್ತೆಯ ಮೇಲಿರುತ್ತದೆ, ಪೆಡಲ್ ಕತ್ತಲೆಯಲ್ಲಿರುತ್ತದೆ. ಕಾಲು ಬ್ರೇಕ್ ಮೇಲಿದೆ ಎಂದು ಮಿದುಳು ನಂಬಿಯಾಗಿದೆ. ಕಾರು ನಿಲ್ಲಲಿಲ್ಲ, ಬದಲಿಗೆ ಓಡಿತು. ಆಗ ಮಿದುಳಿಗೆ ಹೊಳೆಯುವುದು "ಕಾಲು ತಪ್ಪಿದೆ" ಎಂದಲ್ಲ, "ಬ್ರೇಕ್ ಹಿಡಿಯುತ್ತಿಲ್ಲ" ಎಂದು. ಬ್ರೇಕ್ ಹಿಡಿಯದಿದ್ದರೆ ಏನು ಮಾಡುತ್ತೇವೆ? ಇನ್ನೂ ಬಲವಾಗಿ ಒತ್ತುತ್ತೇವೆ. ಒತ್ತಿದಷ್ಟೂ ವೇಗ, ವೇಗ ಏರಿದಷ್ಟೂ ಭಯ, ಭಯಕ್ಕೆ ಕಾಲು ಮರಗಟ್ಟಿದಂತೆ ಅಲ್ಲೇ ಅಂಟಿಕೊಳ್ಳುತ್ತದೆ. ಮೂರ್ನಾಲ್ಕು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಪೊಲೀಸರು ಕೇಳಿದರೆ ಆ ವ್ಯಕ್ತಿ ಹೇಳುವುದು ತನ್ನ ನೆನಪಿನಲ್ಲಿ ಇರುವುದನ್ನೇ: ಬ್ರೇಕ್ ಒತ್ತಿದೆ, ನಿಲ್ಲಲಿಲ್ಲ.

ಜಪಾನಿನ ಟೋಕಿಯೊದ ಇಕೆಬುಕುರೊದಲ್ಲಿ 2019ರ ಏಪ್ರಿಲ್ 19ರಂದು 87 ವರ್ಷದ ನಿವೃತ್ತ ಹಿರಿಯ ಅಧಿಕಾರಿಯೊಬ್ಬರ ಕಾರು ರಸ್ತೆ ದಾಟುತ್ತಿದ್ದವರ ಮೇಲೆ ನುಗ್ಗಿತು. ಒಬ್ಬ ತಾಯಿ ಮತ್ತು ಆಕೆಯ ಮೂರು ವರ್ಷದ ಮಗಳು ಸತ್ತರು. ಕಾರಿನಲ್ಲೇ ದೋಷವಿತ್ತು ಎಂದು ಆ ವೃದ್ಧರು ಕೋರ್ಟಿನಲ್ಲಿ ಕೊನೆಯವರೆಗೂ ವಾದಿಸಿದರು. ಜಪಾನಿನ ಜನ ಅವರನ್ನು ಹಠಮಾರಿ, ಸುಳ್ಳುಗಾರ ಎಂದು ಬೈದರು. ಕಾರಿನ ದಾಖಲೆಯಲ್ಲಿ ಬ್ರೇಕ್ ಒತ್ತಿದ ಗುರುತಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಐದು ವರ್ಷ ಶಿಕ್ಷೆಯಾಯಿತು. ಅವರು ಮೇಲ್ಮನವಿ ಹೋಗಲಿಲ್ಲ. ವಿಚಾರಣೆಯ ದಾಖಲೆ ಮತ್ತು ತೀರ್ಪನ್ನು ಓದಿದ ಮೇಲೆ, ತಾನೇ ಪೆಡಲ್ ತಪ್ಪಿದ್ದೆ ಎಂದು ಅರ್ಥವಾಯಿತು ಎಂದು ತಿಳಿಸಿದರು. ತನ್ನ ಕಾಲು ಏನು ಮಾಡಿತು ಎಂಬುದು ಮನುಷ್ಯನಿಗೆ ಕಾಗದದಿಂದ ತಿಳಿಯಬೇಕಾಯಿತು.

ವಯಸ್ಸಾದವರಲ್ಲಿ ಇದು ಹೆಚ್ಚು. ಮಂಡಿ, ಸೊಂಟ ತಿರುಗುವುದು ಕಷ್ಟವಾಗಿರುತ್ತದೆ, ಪಾದದ ಸ್ಪರ್ಶ ಮಂದವಾಗಿರುತ್ತದೆ. ಹೊಸದಾಗಿ ಕಲಿತವರಲ್ಲೂ ಹೆಚ್ಚು. ಆದರೆ ಅನುಭವಿಗಳೇನೂ ಪಾರಾಗಿಲ್ಲ. 2024ರ ಜುಲೈ 1ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದ ಸಿಟಿ ಹಾಲ್ ಹತ್ತಿರ ಒಂಬತ್ತು ಜನರನ್ನು ಬಲಿ ತೆಗೆದುಕೊಂಡ ಕಾರು ಓಡಿಸುತ್ತಿದ್ದವರು ಬಸ್ ಚಾಲಕರು, ವಯಸ್ಸು 68. ಅವರೂ ಬ್ರೇಕ್ ಕೆಲಸ ಮಾಡಲಿಲ್ಲ ಎಂದರು. ವಿಧಿವಿಜ್ಞಾನ ಪರೀಕ್ಷೆಯಲ್ಲಿ ಅವರ ಶೂ ತಳದಲ್ಲಿ ಅಚ್ಚೊತ್ತಿದ್ದದ್ದು ಆಕ್ಸಿಲರೇಟರ್ ಪೆಡಲ್ಲಿನ ಗೆರೆಗಳು. ಡಿಕ್ಕಿಗೆ ಮುಂಚಿನ ಐದು ಸೆಕೆಂಡುಗಳಲ್ಲಿ ಬ್ರೇಕ್ ಬಳಕೆಯೇ ಆಗಿರಲಿಲ್ಲ ಎಂದು ಪೊಲೀಸರು ಹೇಳಿದರು. ಕೋರ್ಟ್ ಅವರನ್ನು ತಪ್ಪಿತಸ್ಥ ಎಂದಿತು.

ಆದರೆ ಒಮ್ಮೆ ಕಾರೇ ಕೊಂದಿತು

ಇಲ್ಲಿಗೇ ನಿಲ್ಲಿಸಿದರೆ ಕಾರು ಕಂಪನಿಗಳಿಗೆ ಬಲು ಖುಷಿ. ಹಾಗಾಗಿ ಟೊಯೊಟಾ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

2009ರ ಆಗಸ್ಟ್ 28. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಇಎಸ್ 350 ಕಾರು ಹೆದ್ದಾರಿಯಲ್ಲಿ ಗಂಟೆಗೆ 160 ಕಿಲೋಮೀಟರಿಗೂ ಮೀರಿ ಓಡುತ್ತಿತ್ತು. ಒಳಗೆ ನಾಲ್ವರು, ಒಂದೇ ಕುಟುಂಬ. ಹಿಂದಿನ ಸೀಟಿನಿಂದ ಒಬ್ಬರು ತುರ್ತು ಸಂಖ್ಯೆಗೆ ಫೋನ್ ಮಾಡಿ, ಆಕ್ಸಿಲರೇಟರ್ ಸಿಕ್ಕಿಕೊಂಡಿದೆ, ಬ್ರೇಕ್ ಹಿಡಿಯುತ್ತಿಲ್ಲ ಎಂದರು. ಆ ಫೋನ್ ಕಟ್ಟಾದದ್ದು ಕಾರು ಬಿದ್ದಾಗಲೇ. ನಾಲ್ವರೂ ಸತ್ತರು. ಕಾರು ಓಡಿಸುತ್ತಿದ್ದವರು ಕ್ಯಾಲಿಫೋರ್ನಿಯಾ ಹೆದ್ದಾರಿ ಗಸ್ತಿನ ಅಧಿಕಾರಿ. ಚಾಲನೆಯ ಅನುಭವ ಅವರಿಗಿಂತ ಹೆಚ್ಚು ಯಾರಿಗಿರುತ್ತದೆ? ಇದು ಪೆಡಲ್ ತಪ್ಪಿದ ಪ್ರಕರಣವಲ್ಲ ಎಂಬುದು ಬೇಗನೆ ಸ್ಪಷ್ಟವಾಯಿತು.

ಕಾರಣ ಏನೆಂದರೆ, ಒಂದು ರಬ್ಬರ್ ಮ್ಯಾಟ್. ಸ್ವಂತ ಕಾರು ಸರ್ವಿಸ್‌ಗೆ ಬಿಟ್ಟಾಗ ಶೋರೂಮಿನವರು ತಾತ್ಕಾಲಿಕವಾಗಿ ಕೊಟ್ಟ ಕಾರು ಅದು. ಬೇರೆ ಮಾಡೆಲ್ಲಿನ ದಪ್ಪ ಮ್ಯಾಟನ್ನು ಅದರಲ್ಲಿ ಹಾಸಲಾಗಿತ್ತು. ಪೆಡಲ್ ಅದರ ಅಂಚಿಗೆ ಸಿಕ್ಕಿ ಕೆಳಗೇ ಉಳಿಯಿತು. ಮನಸ್ಸಿಗೆ ಹೆಚ್ಚು ಚುಚ್ಚುವುದು ತನಿಖೆಯಲ್ಲಿ ಹೊರಬಂದ ಇನ್ನೊಂದು ಸಂಗತಿ. ಕೆಲವೇ ದಿನ ಮುಂಚೆ ಅದೇ ಕಾರನ್ನು ಒಯ್ದಿದ್ದ ಮತ್ತೊಬ್ಬ ಗ್ರಾಹಕರಿಗೂ ಹೀಗೇ ಆಗಿತ್ತು. ಅವರು ಲಿವರನ್ನು ನ್ಯೂಟ್ರಲ್‌ಗೆ ತಳ್ಳಿ ಕಾರು ನಿಲ್ಲಿಸಿ, ಮ್ಯಾಟ್ ಬಿಡಿಸಿ, ಕಾರು ವಾಪಸ್ ಕೊಡುವಾಗ ವಿಷಯ ಹೇಳಿಯೂ ಇದ್ದರು. ಮ್ಯಾಟ್ ಅಲ್ಲೇ ಉಳಿಯಿತು.

ಹಾಗಾದರೆ ಗಸ್ತಿನ ಅಧಿಕಾರಿ ಯಾಕೆ ನಿಲ್ಲಿಸಲಾಗಲಿಲ್ಲ? ಆ ಕಾರಿನಲ್ಲಿ ಕೀ ತಿರುಗಿಸುವ ಬದಲು ಬಟನ್ ಇತ್ತು. ಓಡುವಾಗ ಎಂಜಿನ್ ಆಫ್ ಮಾಡಲು ಅದನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಬೇರೆಯವರ ಕಾರಿನಲ್ಲಿ ಕುಳಿತವರಿಗೆ ಆ ವೇಗದಲ್ಲಿ ಇದು ಹೊಳೆಯುವುದು ಕಷ್ಟ. ಇನ್ನೊಂದು ಕಾರಣ ಬ್ರೇಕಿನ ಸಹಾಯಕ್ಕೆ ಇರುವ ಬೂಸ್ಟರ್. ಪೆಟ್ರೋಲ್ ಎಂಜಿನ್ನಿನ ಬೂಸ್ಟರ್ ನಡೆಯುವುದು ಎಂಜಿನ್ ಒಳಗೆಳೆಯುವ ನಿರ್ವಾತದಿಂದ. ಥ್ರಾಟಲ್ ಪೂರ್ತಿ ತೆರೆದಿದ್ದರೆ ನಿರ್ವಾತ ಹುಟ್ಟುವುದಿಲ್ಲ. ಕೂಡಿಟ್ಟದ್ದು ಒಂದೆರಡು ಒತ್ತಿಗೆ ಮಾತ್ರ ಸಾಕು. ಗಾಬರಿಯಲ್ಲಿ ಪಂಪ್ ಮಾಡಿದಂತೆ ಒತ್ತಿ ಬಿಟ್ಟು ಮಾಡಿದರೆ ಅದು ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಬಹಳ ಹೊತ್ತು ಉಜ್ಜಿದ ಬ್ರೇಕ್ ಕಾದು ಸೋಲುತ್ತದೆ.

ಮ್ಯಾಟ್ ಒಂದೇ ಅಲ್ಲ. ಕೆಲವು ಟೊಯೊಟಾ ಕಾರುಗಳಲ್ಲಿ ಪೆಡಲ್ಲೇ ಬಳಸಿ ಬಳಸಿ ಅಂಟಿದಂತಾಗಿ ನಿಧಾನಕ್ಕೆ ಮೇಲೇಳುತ್ತಿತ್ತು. 2010ರ ಜನವರಿಯಲ್ಲಿ ಕಂಪನಿ ಅಮೆರಿಕದಲ್ಲಿ ಎಂಟು ಮಾಡೆಲ್‌ಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು. ಮುಖ್ಯಸ್ಥ ಅಕಿಯೊ ಟೊಯೊಡಾ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ಈ ಎರಡು ದೋಷಗಳ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ 2014ರಲ್ಲಿ ಟೊಯೊಟಾ 120 ಕೋಟಿ ಡಾಲರ್ ಕಟ್ಟಿತು. "ಕಂಪನಿಗಳು ಮುಚ್ಚಿಡುತ್ತವೆ" ಎಂಬ ಫಾರ್ವರ್ಡ್ ಸಾಲಿನಲ್ಲಿ ಇರುವ ನಿಜ ಇದು.

ಸಾಫ್ಟ್‌ವೇರ್ ತಪ್ಪೇ? ನಾಸಾ ಹುಡುಕಿದ್ದು, ಜ್ಯೂರಿ ನಂಬಿದ್ದು

ಈಗಿನ ಕಾರುಗಳಲ್ಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಿದೆ ಎಂದು ಎರಡು ಸೆನ್ಸರ್‌ಗಳು ಕಂಪ್ಯೂಟರಿಗೆ ಹೇಳುತ್ತವೆ, ಕಂಪ್ಯೂಟರ್ ಥ್ರಾಟಲ್ ತೆರೆಯುತ್ತದೆ. ಎರಡೂ ಸೆನ್ಸರ್ ಬೇರೆ ಬೇರೆ ಹೇಳಿದರೆ ಕಾರು ಎಚ್ಚರಿಕೆ ದೀಪ ಹಚ್ಚಿ ತೆವಳುವ ವೇಗಕ್ಕೆ ಇಳಿಯಬೇಕು. ಆದರೆ ಕಂಪ್ಯೂಟರಿಗೇ ತಲೆ ಕೆಟ್ಟರೆ? ಮೊಬೈಲ್ ಹ್ಯಾಂಗ್ ಆಗುವ ಹಾಗೆ ಕಾರು ಹ್ಯಾಂಗ್ ಆದರೆ?

ಇದಕ್ಕೆ ಉತ್ತರ ಹುಡುಕಲು ಸರ್ಕಾರ ನಾಸಾ ಎಂಜಿನಿಯರುಗಳನ್ನು ಕರೆಸಿತು. ಅವರು ಹತ್ತು ತಿಂಗಳು ಟೊಯೊಟಾ ಕಾರುಗಳ ಎಲೆಕ್ಟ್ರಾನಿಕ್ಸನ್ನು, 2,80,000 ಸಾಲುಗಳ ಸಾಫ್ಟ್‌ವೇರನ್ನು ಜಾಲಾಡಿದರು. ಒಂದು ಕೆಟ್ಟ ಪೆಡಲ್ ಸೆನ್ಸರಿನೊಳಗೆ ತವರದ ಕೂದಲೆಳೆಯಂಥ ತಂತುಗಳು ಬೆಳೆದಿದ್ದನ್ನೂ ಕಂಡರು. ಆದರೆ ಕಾರನ್ನು ಅಪಾಯದ ವೇಗಕ್ಕೆ ಒಯ್ಯುವಂಥ ಎಲೆಕ್ಟ್ರಾನಿಕ್ ದೋಷ ಸಿಗಲಿಲ್ಲ ಎಂದು 2011ರ ಫೆಬ್ರವರಿ 8ರಂದು ಪ್ರಕಟವಾಯಿತು. ಜೊತೆಗೇ ಅಪಘಾತಕ್ಕೀಡಾದ 58 ಟೊಯೊಟಾ ಕಾರುಗಳನ್ನು ರಸ್ತೆ ಸುರಕ್ಷತಾ ಸಂಸ್ಥೆ ಪರೀಕ್ಷಿಸಿತು. ಕೆಲವನ್ನು ಬದಿಗಿಟ್ಟ ಮೇಲೆ ಉಳಿದ 40ರಲ್ಲಿ 39 ಪೆಡಲ್ ತಪ್ಪಿದ್ದು, ಒಂದು ಪೆಡಲ್ ಸಿಕ್ಕಿಕೊಂಡದ್ದು.

ಅಂದಹಾಗೆ, ಆ ಗದ್ದಲದ ನಡುವೆ 2010ರಲ್ಲಿ ಅಮೆರಿಕದ ಎಬಿಸಿ ವಾಹಿನಿ ತೋರಿಸಿದ ಪ್ರಾತ್ಯಕ್ಷಿಕೆಯ ವರದಿಯಲ್ಲಿ, ಎಂಜಿನ್ ವೇಗದ ಮುಳ್ಳು ಸರ್ರನೆ ಏರುವ ದೃಶ್ಯ ಓಡುವ ಕಾರಿನದಾಗಿರಲಿಲ್ಲ. ನಿಂತ ಕಾರಿನಲ್ಲಿ ತೆಗೆದ ತುಣುಕನ್ನು ಅಂಟಿಸಿದ್ದು ಎಂದು ವಾಹಿನಿ ಒಪ್ಪಿಕೊಂಡಿತು. ಹಳೇ ಚಾಳಿ.

ಅಲ್ಲಿಗೆ ಮುಗಿಯಿತೇ? ಇಲ್ಲ. 2013ರ ಅಕ್ಟೋಬರ್‌ನಲ್ಲಿ ಒಕ್ಲಹೋಮ ರಾಜ್ಯದ ಜ್ಯೂರಿ, 2007ರ ಒಂದು ಕ್ಯಾಮ್ರಿ ಅಪಘಾತದಲ್ಲಿ ಟೊಯೊಟಾ ಹೊಣೆ ಎಂದು 30 ಲಕ್ಷ ಡಾಲರ್ ಪರಿಹಾರ ಹೇಳಿತು. ಅಲ್ಲಿ ಸಾಕ್ಷಿ ನುಡಿದ ಸಾಫ್ಟ್‌ವೇರ್ ತಜ್ಞ ಮೈಕಲ್ ಬಾರ್, ಟೊಯೊಟಾ ಕೋಡನ್ನು ಬಿಗಿ ಕಾವಲಿನ ಕೋಣೆಯಲ್ಲಿ ಕೂತು ತಿಂಗಳುಗಟ್ಟಲೆ ಓದಿದ್ದರು. ಕೋಡ್ ಅಧ್ವಾನವಾಗಿದೆ, ಮೆಮೊರಿಯಲ್ಲಿ ಒಂದೇ ಒಂದು ಬಿಟ್ ಮಗುಚಿದರೂ ಥ್ರಾಟಲ್ ನೋಡಿಕೊಳ್ಳುವ ಭಾಗ ಸತ್ತು, ಥ್ರಾಟಲ್ ತೆರೆದೇ ಉಳಿಯಬಹುದು, ಕಾಯುವ ವ್ಯವಸ್ಥೆಗಳಿಗೆ ಅದು ಕಾಣದೇ ಹೋಗಬಹುದು ಎಂದರು. ಆ ಕಾರಿನಲ್ಲಿ ಅಂದು ಅದೇ ನಡೆಯಿತು ಎಂದು ತೋರಿಸಲು ಆಗಲಿಲ್ಲ, ಏಕೆಂದರೆ ಅಂಥ ದೋಷ ಗುರುತು ಬಿಡುವುದಿಲ್ಲ. ಆದರೆ ರಸ್ತೆಯ ಮೇಲೆ ಟೈರ್ ಉಜ್ಜಿದ ಉದ್ದನೆಯ ಗುರುತಿತ್ತು, ಚಾಲಕಿ ನಿಲ್ಲಿಸಲು ಹೆಣಗಿದ್ದರು ಎನ್ನಲು ಅದು ಸಾಕ್ಷಿಯಾಯಿತು. ದಂಡದ ಮೊತ್ತ ನಿರ್ಧಾರವಾಗುವ ಮೊದಲೇ ಟೊಯೊಟಾ ರಾಜಿಗೆ ಬಂತು.

ನಮ್ಮ ಅಭಿಪ್ರಾಯ ಕೇಳಿದರೆ, ಬಾರ್ ತೋರಿಸಿದ್ದು "ಹೀಗಾಗಬಹುದು" ಎಂಬುದನ್ನು, "ಹೀಗೇ ಆಯಿತು" ಎಂಬುದನ್ನಲ್ಲ. ಆದರೆ ಜೀವ ಹೊತ್ತೊಯ್ಯುವ ಯಂತ್ರದ ಕೋಡ್ ಬಗ್ಗೆ "ಆಗಬಹುದು" ಎಂಬುದೂ ಸಣ್ಣ ಮಾತಲ್ಲ. ಕಾರಿನ ಕಪ್ಪುಪೆಟ್ಟಿಗೆ ಬರೆದಿಡುವುದು ಕಾರಿನ ಕಂಪ್ಯೂಟರ್ ಕಂಡದ್ದನ್ನೇ. ಆರೋಪಿಯೇ ಬರೆದ ಮಹಜರಿನ ಹಾಗೆ ಎಂಬ ಅನುಮಾನ ಬರುವುದು ಸಹಜ. ಅದಕ್ಕೇ ಶೂ ತಳದ ಗುರುತು, ಟೈರಿನ ಗುರುತು, ಸಿಸಿಟಿವಿಯಲ್ಲಿ ಕಾಣುವ ಬ್ರೇಕ್ ಲೈಟ್, ಇಂಥ ಹೊರಗಿನ ಸಾಕ್ಷಿಗಳಿಗೆ ಬೆಲೆ.

"ಪೆಡಲ್ ತಪ್ಪಿದೆ" ಎಂದು ಬಾಯಿಮಾತಿಗೆ ಹೇಳಿಬಿಡುವುದರ ಅಪಾಯಕ್ಕೂ ಒಂದು ಉದಾಹರಣೆ ಇದೆ. 2006ರಲ್ಲಿ ಅಮೆರಿಕದ ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಹೆದ್ದಾರಿಯಿಂದ ಇಳಿಯುತ್ತಿದ್ದ 1996ರ ಕ್ಯಾಮ್ರಿ ಮುಂದಿನ ಕಾರಿಗೆ ಗುದ್ದಿ ಮೂವರು ಸತ್ತರು. ಮನೆಯವರನ್ನು ಕೂರಿಸಿಕೊಂಡು ಬರುತ್ತಿದ್ದ ಚಾಲಕ, ಬ್ರೇಕ್ ಒತ್ತಿದೆ ಎಂದೇ ಹೇಳಿದ. ಅವನ ಪರ ವಕೀಲರೇ ಕೋರ್ಟಿನಲ್ಲಿ ಅವನ ಕಾಲು ತಪ್ಪಿರಬೇಕು ಎಂದು ವಾದಿಸಿದರು. ಎಂಟು ವರ್ಷ ಜೈಲು ಶಿಕ್ಷೆಯಾಯಿತು. ಟೊಯೊಟಾ ಸುದ್ದಿ ಬಂದ ಮೇಲೆ ಪ್ರಕರಣ ಮತ್ತೆ ತೆರೆದು 2010ರಲ್ಲಿ ಅವನ ಬಿಡುಗಡೆಯಾಯಿತು. ಸತ್ತವರ ಮನೆಯವರೇ ಅವನ ಪರ ನಿಂತಿದ್ದರು. 2015ರಲ್ಲಿ ಜ್ಯೂರಿ ಹೊಣೆಯನ್ನು ಹಂಚಿತು: ಕಂಪನಿಗೆ ಶೇ 60, ಚಾಲಕನಿಗೆ ಶೇ 40.

ನಮ್ಮಲ್ಲಿ ಈಗ ಯಾಕೆ ಈ ಮಾತು

ಕ್ಲಚ್ ಇರುವ ಗಾಡಿಯಲ್ಲಿ ಗಾಬರಿಯಾದರೆ ಎರಡೂ ಕಾಲು ಒಟ್ಟಿಗೆ ಇಳಿಯುತ್ತವೆ. ಬಲಗಾಲು ತಪ್ಪಿದರೂ ಎಡಗಾಲು ಕ್ಲಚ್ ಒತ್ತಿ ಎಂಜಿನ್ನನ್ನು ಚಕ್ರದಿಂದ ಬಿಡಿಸಿಬಿಡುತ್ತದೆ. ಎಂಜಿನ್ ಕಿರುಚುತ್ತದೆ, ಕಾರು ನುಗ್ಗುವುದಿಲ್ಲ. ನಮ್ಮಲ್ಲಿ ತಲೆಮಾರುಗಳು ಕಲಿತದ್ದು ಇಂಥ ಗಾಡಿಯಲ್ಲೇ. 2014ರಲ್ಲಿ ಮಾರುತಿ ಸೆಲೆರಿಯೊ ಅಗ್ಗದ ಎಎಂಟಿ ತಂದಮೇಲೆ ಕ್ಲಚ್ ಇಲ್ಲದ ಕಾರು ಮಧ್ಯಮ ವರ್ಗದ ಮನೆಗೂ ಬಂತು. ಮಂಡಿ ನೋವು, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಂದು ಅಪ್ಪ ಅಮ್ಮನಿಗೆ ಮಕ್ಕಳು ಆಟೋಮ್ಯಾಟಿಕ್ ಕೊಡಿಸುತ್ತಾರೆ. ಮೂವತ್ತು ವರ್ಷದ ಕ್ಲಚ್ ರೂಢಿ ಮಾತ್ರ ಕಾಲಿನಲ್ಲೇ ಉಳಿದಿರುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಸದ್ದೂ ಇಲ್ಲ, ಎಳೆತ ಬರುವುದೂ ತಕ್ಷಣ.

2024ರ ಡಿಸೆಂಬರ್ 9ರ ರಾತ್ರಿ ಮುಂಬೈನ ಕುರ್ಲಾದಲ್ಲಿ ಎಲೆಕ್ಟ್ರಿಕ್ ಬಸ್ಸೊಂದು ಜನರ ಮೇಲೆ, ವಾಹನಗಳ ಮೇಲೆ ನುಗ್ಗಿ ಏಳಕ್ಕೂ ಹೆಚ್ಚು ಮಂದಿ ಸತ್ತದ್ದು ನೆನಪಿರಬಹುದು. ಬ್ರೇಕ್ ಫೇಲ್ ಎಂಬ ಮಾತು ಮೊದಲು ಹರಡಿತು. ತಪಾಸಣೆಯಲ್ಲಿ ಬ್ರೇಕ್ ಕೆಲಸ ಮಾಡುತ್ತಿದ್ದದ್ದು ಕಂಡಿತು. ಕ್ಲಚ್ ಇರುವ ಬಸ್ ಓಡಿಸಿ ರೂಢಿಯಿದ್ದ ಚಾಲಕನಿಗೆ ಇಂಥ ಬಸ್ಸಿನ ತರಬೇತಿ ಎಷ್ಟು ಸಿಕ್ಕಿತ್ತು ಎಂಬುದೇ ತನಿಖೆಯ ದೊಡ್ಡ ಪ್ರಶ್ನೆಯಾಯಿತು. ಕಾಲು ತಪ್ಪಿದ್ದರೂ, ಕಲಿಸದೆ ಕೂರಿಸಿದವರ ಪಾಲು ಏನು ಎಂದು ಕೇಳಲೇಬೇಕಾಗುತ್ತದೆ.

ಜಪಾನ್ ಈ ವಾದವನ್ನು ಬದಿಗಿಟ್ಟು ಬೇರೆ ದಾರಿ ಹಿಡಿದಿದೆ. ಎದುರಿಗೆ ಗೋಡೆಯೋ ವಾಹನವೋ ಇದ್ದಾಗ ಯಾರಾದರೂ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಆ ಆಜ್ಞೆಯನ್ನು ಕಾರು ಪಾಲಿಸಬಾರದು. ಇಂಥ ವ್ಯವಸ್ಥೆ 2028ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಆಟೋಮ್ಯಾಟಿಕ್ ಕಾರುಗಳಿಗೆ ಕಡ್ಡಾಯವಾಗಲಿದೆ. ಈಗ ಅನೇಕ ಕಾರುಗಳಲ್ಲಿರುವ "ಬ್ರೇಕ್ ಓವರ್‌ರೈಡ್" ಬೇರೆ. ಎರಡೂ ಪೆಡಲ್ ಒಟ್ಟಿಗೆ ಒತ್ತಿದಾಗ ಅದು ಬ್ರೇಕಿನ ಮಾತು ಕೇಳುತ್ತದೆ, ಹಾಗಾಗಿ ಮ್ಯಾಟ್ ಸಿಕ್ಕಿಕೊಂಡರೆ ಉಳಿಸುತ್ತದೆ. ಕಾಲು ಇರುವುದೇ ತಪ್ಪು ಪೆಡಲ್ ಮೇಲಾದರೆ ಅದರಿಂದ ಉಪಯೋಗವಿಲ್ಲ.

ನಿಮ್ಮ ಕಾರು ನುಗ್ಗಿದರೆ

ಬ್ರೇಕ್ ಎಂಜಿನ್ನಿಗಿಂತ ಬಲಶಾಲಿ ಎಂಬುದು ಮೊದಲು ತಲೆಯಲ್ಲಿರಲಿ. ಸಾಮಾನ್ಯ ಕಾರು ನೂರು ಕಿಲೋಮೀಟರ್ ವೇಗ ಮುಟ್ಟಲು ಹತ್ತು ಸೆಕೆಂಡಿನಷ್ಟು ಬೇಕು. ಅದೇ ವೇಗದಿಂದ ನಿಲ್ಲಲು ಮೂರು ನಾಲ್ಕು ಸೆಕೆಂಡ್ ಸಾಕು. 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಕ್ಯಾಮ್ರಿ ಕಾರನ್ನು ಗಂಟೆಗೆ 112 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟೇ ಬ್ರೇಕ್ ಹಾಕಿ ನೋಡಿತು. ಕಾರು 58 ಮೀಟರಿನಲ್ಲಿ ನಿಂತಿತು. ಆಕ್ಸಿಲರೇಟರ್ ಬಿಟ್ಟಿದ್ದಾಗ ಬೇಕಾದದ್ದು 53 ಮೀಟರ್. ಆದ್ದರಿಂದ ಬ್ರೇಕ್ "ಒತ್ತುತ್ತಿದ್ದರೂ" ಕಾರಿನ ವೇಗ ಏರುತ್ತಿದ್ದರೆ ಮೊದಲ ಅನುಮಾನ ನಿಮ್ಮ ಕಾಲಿನ ಮೇಲೇ ಇರಲಿ. ಕಾಲನ್ನು ಪೂರ್ತಿ ಮೇಲೆತ್ತಿ, ಎಡಕ್ಕೆ ಸರಿಸಿ ಮತ್ತೆ ಒತ್ತಿ. ಒತ್ತಿದ ಮೇಲೆ ಬಿಡಬೇಡಿ, ಪಂಪ್ ಮಾಡಬೇಡಿ.

ಕಾಲೆತ್ತಿದರೂ ಓಡುತ್ತಿದ್ದರೆ ಲಿವರನ್ನು 'ಎನ್'ಗೆ ತಳ್ಳಿ. ಎಂಜಿನ್ ಅರಚುತ್ತದೆ, ಅರಚಲಿ. ಕ್ಲಚ್ ಕಾರಾದರೆ ಕ್ಲಚ್ ಒತ್ತಿ. ಓಡುವಾಗ ಕೀ ಪೂರ್ತಿ ತಿರುಗಿಸಿ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಆಗಬಹುದು. ಬಟನ್ ಕಾರಾದರೆ ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂದು ಮ್ಯಾನುಯಲ್ಲಿನಲ್ಲಿ ಇಂದೇ ನೋಡಿಕೊಳ್ಳಿ. ಮನೆಯ ಹಿರಿಯರಿಗೆ ಆಟೋಮ್ಯಾಟಿಕ್ ಕೊಡಿಸಿದ್ದರೆ ಭಾನುವಾರ ಬೆಳಿಗ್ಗೆ ಖಾಲಿ ಮೈದಾನಕ್ಕೆ ಕರೆದೊಯ್ದು, ನಿಧಾನವಾಗಿ ಓಡುವಾಗ 'ಡಿ'ಯಿಂದ 'ಎನ್'ಗೆ ತಳ್ಳುವುದನ್ನು ಹತ್ತು ಸಲ ಮಾಡಿಸಿ. ಗಾಬರಿಯಲ್ಲಿ ಕೆಲಸಕ್ಕೆ ಬರುವುದು ಕೈಗೆ ರೂಢಿಯಾದದ್ದು ಮಾತ್ರ.

ಮ್ಯಾಟ್ ಮೇಲೆ ಮ್ಯಾಟ್ ಹಾಸಬೇಡಿ. ಕಂಪನಿಯ ಮ್ಯಾಟಿಗೆ ಕೊಕ್ಕೆ ಇರುತ್ತದೆ, ಅದು ಸಿಕ್ಕಿಸಿದೆಯೇ ನೋಡಿ. ಕಾರ್ ವಾಶ್ ಮಾಡಿಸಿ ತಂದ ದಿನ ಮರೆಯದೆ ನೋಡಿ, ತೊಳೆದವರು ಹಾಗೇ ಎಸೆದಿರುತ್ತಾರೆ. ಸೀಟಿನ ಕೆಳಗೆ ಉರುಳುವ ನೀರಿನ ಬಾಟಲಿ, ಸಡಿಲ ಹವಾಯಿ ಚಪ್ಪಲಿ, ಇವೂ ಅದೇ ಪಟ್ಟಿಗೆ ಸೇರುತ್ತವೆ.

ಇನ್ನು ಅಂಥ ವಿಡಿಯೋ ಮತ್ತೆ ಬಂದರೆ, ಫಾರ್ವರ್ಡ್ ಬಟನ್ ಮುಟ್ಟುವ ಮುಂಚೆ ಕಾರಿನ ಹಿಂಭಾಗ ಕಾಣುತ್ತಿದೆಯೇ ನೋಡಿ. ಬ್ರೇಕ್ ಪೆಡಲ್ ತುಸು ಒತ್ತಿದರೂ ಹಿಂದಿನ ಕೆಂಪು ದೀಪ ಬೆಳಗುತ್ತದೆ. ಕಾರು ನುಗ್ಗುವ ಉದ್ದಕ್ಕೂ ಆ ದೀಪ ಹತ್ತದೇ ಇದ್ದರೆ ಕಾಲು ಎಲ್ಲಿತ್ತು ಎಂದು ನೀವೇ ಹೇಳಬಹುದು. ಹತ್ತಿದ್ದರೆ, ಆ ವಿಡಿಯೋ ಗ್ರೂಪಿಗಿಂತ ಮೊದಲು ಪೊಲೀಸರಿಗೆ ತಲುಪಲಿ.